ಥರ್ಮಾಕೋಲ್ ತಟ್ಟೆ ನಿಂತ ಮೇಲೆ ನಮ್ಮ ಹೋಟೆಲಿನ ಪಾರ್ಸೆಲ್ ಲೆಕ್ಕ

ಶಿವಮೊಗ್ಗದಲ್ಲಿ ನಾನು ನಡೆಸುತ್ತಿರುವುದು ಒಂದು ಸಣ್ಣ ಹೋಟೆಲು. ಬೆಳಿಗ್ಗೆ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆಗೆ, ನಾಮಕರಣ, ಗೃಹಪ್ರವೇಶ, ಸತ್ಯನಾರಾಯಣ ಪೂಜೆಯಂಥ ಕಾರ್ಯಕ್ರಮಗಳಿಗೆ ನೂರು, ನೂರೈವತ್ತು ಜನರ ಅಡುಗೆಯನ್ನೂ ಮಾಡಿ ಕಳಿಸುತ್ತೇವೆ. ಒಳಗೆ ಕುಳಿತು ತಿನ್ನುವವರಿಗೆ ಮೊದಲಿನಿಂದಲೂ ಸ್ಟೀಲ್ ತಟ್ಟೆಯೇ ಇದ್ದುದರಿಂದ, ಥರ್ಮಾಕೋಲ್ ನಿಷೇಧದ ಬಿಸಿ ನಮಗೆ ತಟ್ಟಿದ್ದು ಪಾರ್ಸೆಲ್ಲಿನಲ್ಲಿ ಮತ್ತು ಹೊರಗಿನ ಆರ್ಡರುಗಳಲ್ಲಿ.

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ನಿಷೇಧದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳ ಜೊತೆಗೆ ಥರ್ಮಾಕೋಲಿನ ವಸ್ತುಗಳೂ ಸೇರಿದ್ದವು. ಆದರೂ ಸಗಟು ಅಂಗಡಿಗೆ ಹೋದರೆ ಬೆಳ್ಳಿ ಬಣ್ಣದ ಥರ್ಮಾಕೋಲ್ ತಟ್ಟೆಯ ಕಟ್ಟುಗಳು ಎಂದಿನಂತೆ ಸಿಗುತ್ತಿದ್ದವು. ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ತಯಾರಿಕೆ, ಆಮದು, ದಾಸ್ತಾನು, ಮಾರಾಟ ಮತ್ತು ಬಳಕೆಯನ್ನು ದೇಶವಿಡೀ ನಿಷೇಧಿಸಿದ ನಂತರವೇ ನಾವು ಸರಬರಾಜಿನ ವ್ಯವಸ್ಥೆಯನ್ನು ಪೂರ್ತಿಯಾಗಿ ಬದಲಿಸಿಕೊಂಡದ್ದು.

ಥರ್ಮಾಕೋಲನ್ನು ಬಿಡುವುದು ಸಣ್ಣ ಹೋಟೆಲಿನವರಿಗೆ ಏಕೆ ಕಷ್ಟವಾಯಿತೆಂಬುದನ್ನು ಹೊರಗಿನವರು ಸಾಮಾನ್ಯವಾಗಿ ಬೆಲೆಯೊಂದರಿಂದಲೇ ಅಳೆಯುತ್ತಾರೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮಾಡುವ ಆ ವಸ್ತುವಿನ ಬಹುಪಾಲು ಬರಿಯ ಗಾಳಿಯಾದ್ದರಿಂದ, ಅದು ಹಗುರವಾಗಿರುತ್ತದೆ, ಬಿಸಿಯನ್ನು ಹಿಡಿದಿಡುತ್ತದೆ, ಕೈಯನ್ನು ಸುಡುವುದಿಲ್ಲ. ಚಿತ್ರಾನ್ನ, ಸಾಗು, ಮೊಸರನ್ನ ಏನು ಹಾಕಿದರೂ ಸೋರುವುದಿಲ್ಲ. ಒಂದೇ ಬಗೆಯ ತಟ್ಟೆ, ಒಂದೇ ಬಗೆಯ ಬಟ್ಟಲು ಇಟ್ಟುಕೊಂಡರೆ ಎಲ್ಲ ಪದಾರ್ಥಕ್ಕೂ ಸಾಕಾಗುತ್ತಿತ್ತು. ಅದೇ ಗುಣಗಳು ಕಸದ ಬುಟ್ಟಿ ಸೇರಿದ ಮೇಲೆ ತೊಂದರೆ ಕೊಡುತ್ತವೆ: ಎಣ್ಣೆ ಅಂಟಿದ, ಜಾಗ ತಿನ್ನುವ, ತೂಕವೇ ಇಲ್ಲದ ಈ ವಸ್ತುವನ್ನು ಗುಜರಿಯವರು ಮುಟ್ಟುವುದಿಲ್ಲ, ಮಳೆ ಬಂದಾಗ ಅದು ನೇರವಾಗಿ ಚರಂಡಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಹೀಗಾಗಿ ನಿಷೇಧದ ಉದ್ದೇಶದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಎಲ್ಲ ಕೆಲಸವನ್ನೂ ಮಾಡುತ್ತಿದ್ದ ಒಂದು ವಸ್ತುವಿನ ಜಾಗಕ್ಕೆ ಬಂದದ್ದು ಒಂದೊಂದೇ ಕೆಲಸ ಮಾಡುವ ನಾಲ್ಕೈದು ವಸ್ತುಗಳು, ಮತ್ತು ಅವುಗಳನ್ನು ಹೊಂದಿಸುವ ಹೊಣೆ ಬಿದ್ದದ್ದು ಅಡುಗೆಮನೆಯವರ ಮೇಲೆ.

ಮಲೆನಾಡಿನವರಾದ ನಮಗೆ ಮೊದಲು ನೆನಪಾದದ್ದು ಅಡಿಕೆ ಹಾಳೆಯ ತಟ್ಟೆ. ತೋಟದಲ್ಲಿ ಬಿದ್ದ ಹಾಳೆಯನ್ನು ಆರಿಸಿ, ಒಣಗಿಸಿ, ಬಳಸುವ ಮುನ್ನ ನೀರಿನಲ್ಲಿ ನೆನೆಸಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಇದಕ್ಕೆ ಅಂಟಾಗಲೀ ಲೇಪವಾಗಲೀ ಬೇಡ. ಗಟ್ಟಿ ಪದಾರ್ಥಕ್ಕೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಇದು ಕಾರ್ಖಾನೆಯ ಮಾಲಿನ ಹಾಗೆ ಒಂದೇ ಅಳತೆಯಲ್ಲಿ ಬರುವುದಿಲ್ಲ. ಕಟ್ಟು ಬಂದ ಕೂಡಲೇ ಅಲ್ಲಲ್ಲಿಂದ ಕೆಲವನ್ನು ತೆಗೆದು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಎಳೆಯ, ತೆಳು ಹಾಳೆಯಾಗಿದ್ದರೆ ಅಂಚು ನಾರಿನ ಉದ್ದಕ್ಕೂ ಸೀಳುತ್ತದೆ. ಆಮೇಲೆ ಒಂದಕ್ಕೆ ಕುದಿಯುವ ಸಾರು ಹಾಕಿ, ಊಟ ಮುಗಿಯುವಷ್ಟು ಹೊತ್ತು ಬಿಟ್ಟು, ತಳವನ್ನು ಒಣ ಬಟ್ಟೆಯ ಮೇಲೆ ಒತ್ತಿದರೆ ಒಸರುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಸಮಸ್ಯೆ ಮಳೆಗಾಲದ್ದು. ಹಾಳೆ ಸಂಗ್ರಹಿಸಿ ಒಣಗಿಸುವುದು ಬಿಸಿಲಿನ ತಿಂಗಳುಗಳಲ್ಲಾದ್ದರಿಂದ, ಜೂನ್ ದಾಟಿದ ಮೇಲೆ ಮಾಲು ಕಡಿಮೆಯಾಗಿ ಬೆಲೆ ಏರುತ್ತದೆ. ಮೊದಲೇ ತಂದಿಟ್ಟುಕೊಂಡರೆ ನಮ್ಮೂರಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನೆಲದ ಮೇಲೆ ಇಡುವುದನ್ನು ಪೂರ್ತಿ ಬಿಟ್ಟು, ಅಡುಗೆಮನೆಯ ಒಲೆಗೆ ಹತ್ತಿರದ ಅಟ್ಟದಲ್ಲಿ ಹಲಗೆ ಹಾಸಿ, ಗೋಣಿಚೀಲದೊಳಗೆ ಇಡುವುದರಿಂದ ಈಗ ಆಗಸ್ಟಿನವರೆಗೂ ಕೆಡದೆ ಉಳಿಯುತ್ತಿದೆ. ಥರ್ಮಾಕೋಲಿಗೆ ಈ ಉಪಚಾರದ ಅಗತ್ಯವೇ ಇರಲಿಲ್ಲ.

ಪಾರ್ಸೆಲ್ ಡಬ್ಬಿಗೆ ಹಾಳೆ ಹೊಂದುವುದಿಲ್ಲ, ಏಕೆಂದರೆ ಅದಕ್ಕೆ ಭದ್ರವಾಗಿ ಕೂರುವ ಮುಚ್ಚಳ ಮಾಡುವುದು ಕಷ್ಟ. ಅಲ್ಲಿ ನಾವು ಕಬ್ಬಿನ ಸಿಪ್ಪೆಯ ಡಬ್ಬಿಗೆ ಹೋದೆವು. ಪಲಾವು, ಉಪ್ಪಿಟ್ಟು, ಇಡ್ಲಿ, ವಡೆಗೆ ಅದು ಚೆನ್ನಾಗಿಯೇ ಇದೆ. ಬಿಸಿಬೇಳೆಬಾತಿನಂಥ ತುಪ್ಪ ಮತ್ತು ತೇವ ಎರಡೂ ಇರುವ ಪದಾರ್ಥ ಅರ್ಧ ಗಂಟೆ ಕಳೆದರೆ ತಳವನ್ನು ಮೆತ್ತಗಾಗಿಸುತ್ತದೆ. ಅದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಬೆಂಕಿಗೆ ತುಸು ಹಿಡಿದು ಬಾಡಿಸಿದ ಬಾಳೆ ಎಲೆಯ ತುಂಡನ್ನು ಡಬ್ಬಿಯೊಳಗೆ ಹಾಸುವುದು. ಬಾಡಿಸಿದ ಎಲೆ ಮಡಿಸಿದರೂ ಸೀಳುವುದಿಲ್ಲ, ಸುವಾಸನೆಯೂ ಬರುತ್ತದೆ, ಗಿರಾಕಿಗಳೂ ಮೆಚ್ಚುತ್ತಾರೆ. ದೋಸೆಯನ್ನಂತೂ ಈಗ ಡಬ್ಬಿಗೆ ಹಾಕುವುದೇ ಇಲ್ಲ, ಎಲೆಯಲ್ಲಿ ಸುತ್ತಿ ಕಾಗದದಲ್ಲಿ ಕಟ್ಟಿಕೊಡುತ್ತೇವೆ. ಇಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಬಳಸುವಂತಿಲ್ಲವೆಂಬುದನ್ನು ಗಮನಿಸಬೇಕು. ಆಹಾರ ಸುರಕ್ಷತೆಯ 2018ರ ಪ್ಯಾಕೇಜಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ.

ಸಾರು, ಸಾಂಬಾರು, ಚಟ್ನಿಗಳದ್ದು ಇನ್ನೂ ಪೂರ್ತಿ ಬಗೆಹರಿಯದ ಕಥೆ. ಹಲವು ಹೋಟೆಲಿನವರು ಥರ್ಮಾಕೋಲ್ ಬಟ್ಟಲನ್ನು ಬಿಟ್ಟು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹೋದರು. ಕೇಂದ್ರದ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಟ್ರೇಗಳ ಹೆಸರಿದೆಯೇ ಹೊರತು ಈ ಡಬ್ಬಿಗಳ ಹೆಸರಿಲ್ಲ. ಹಗುರವಾದ ಪ್ಲಾಸ್ಟಿಕ್ಕನ್ನು ತಡೆದು ಅದಕ್ಕಿಂತ ಭಾರವಾದ ಪ್ಲಾಸ್ಟಿಕ್ಕಿಗೆ ದಾರಿ ಮಾಡಿಕೊಟ್ಟಂತಾಯಿತಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ಕಾಗದದ ಲೋಟವೂ ಬರಿಯ ಕಾಗದವಲ್ಲ: ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಉಜ್ಜಿದರೆ ಕಾಗದ ಕರಗಿ, ತೆಳುವಾದ ಪ್ಲಾಸ್ಟಿಕ್ ಪೊರೆ ಕೈಯಲ್ಲಿ ಉಳಿಯುತ್ತದೆ. ನಾವು ನಿತ್ಯದ ಗಿರಾಕಿಗಳಿಗೆ ಸ್ಟೀಲ್ ಡಬ್ಬಿಯನ್ನು ಮುಂಗಡ ಹಣ ಪಡೆದು ಕೊಡುತ್ತೇವೆ, ಮನೆಯಿಂದ ಪಾತ್ರೆ ತಂದವರಿಗೆ ಒಂದು ಸೌಟು ಸಾರನ್ನು ಹೆಚ್ಚಾಗಿ ಹಾಕುತ್ತೇವೆ. ಅಕ್ಕಪಕ್ಕದ ಬೀದಿಯವರಲ್ಲಿ ಇದು ನಡೆಯುತ್ತದೆ; ಬಸ್ಸು ಹಿಡಿಯಲು ಓಡುವವರಿಗೆ ನಾವೂ ಆ ಗಟ್ಟಿ ಡಬ್ಬಿಯನ್ನೇ ಕೊಡಬೇಕಾಗಿದೆ.

ಇನ್ನು ಹಣದ ವಿಚಾರ. ಥರ್ಮಾಕೋಲ್ ತಟ್ಟೆ ನಮಗೆ ಒಂದೂವರೆ ರೂಪಾಯಿಯೊಳಗೆ ಬೀಳುತ್ತಿತ್ತು. ಊಟದ ಅಳತೆಯ ಹಾಳೆ ತಟ್ಟೆಗೆ ಕಾಲಕ್ಕೆ ತಕ್ಕಂತೆ ನಾಲ್ಕರಿಂದ ಆರು ರೂಪಾಯಿ ಆಗುತ್ತದೆ. ನೂರಿಪ್ಪತ್ತು ರೂಪಾಯಿಯ ಊಟಕ್ಕೆ ನಾಲ್ಕು ರೂಪಾಯಿ ಹೆಚ್ಚಾದರೆ ಏನಾಯಿತು ಎಂದು ಕೇಳುವವರಿದ್ದಾರೆ. ಆದರೆ ಆ ಊಟದಲ್ಲಿ ದಿನಸಿ, ಗ್ಯಾಸು, ಕೂಲಿ, ಗಾಡಿ ಬಾಡಿಗೆ ಕಳೆದು ನನಗೆ ಉಳಿಯುವುದು ಹನ್ನೆರಡು, ಹದಿನೈದು ರೂಪಾಯಿ. ಆ ನಾಲ್ಕು ರೂಪಾಯಿ ಹೋಗುವುದು ಬೆಲೆಯಿಂದಲ್ಲ, ಈ ಉಳಿತಾಯದಿಂದ. ಎಲೆಯ ತಟ್ಟೆಗಳ ಮೇಲಿನ ಜಿಎಸ್‌ಟಿಯನ್ನು 2019ರಲ್ಲಿ ಪೂರ್ತಿ ತೆಗೆದದ್ದು ಒಳ್ಳೆಯದೇ ಆಯಿತು, ಆದರೆ ಅಂತರವನ್ನು ಮುಚ್ಚುವಷ್ಟು ದೊಡ್ಡ ಮೊತ್ತ ಅದಲ್ಲ. ನ್ಯೂಯಾರ್ಕ್ ನಗರವು 2019ರಲ್ಲಿ ಥರ್ಮಾಕೋಲಿನಂಥ ಫೋಮ್ ಡಬ್ಬಿಗಳನ್ನು ನಿಷೇಧಿಸಿದಾಗ ವಾರ್ಷಿಕ ಆದಾಯ ಐದು ಲಕ್ಷ ಡಾಲರಿಗಿಂತ ಕಡಿಮೆಯಿರುವ ವ್ಯಾಪಾರಿಗಳು ತಮ್ಮ ಕಷ್ಟವನ್ನು ತೋರಿಸಿ ವಿನಾಯಿತಿ ಕೇಳಲು ಅವಕಾಶವಿಟ್ಟಿತ್ತು. ನಮ್ಮ ನಿಯಮದಲ್ಲಿ ವಹಿವಾಟಿನ ಗಾತ್ರ ನೋಡಿ ಕೊಡುವ ಅಂಥ ವಿನಾಯಿತಿ ಇಲ್ಲ.

ಹೊರಗಿನ ಆರ್ಡರುಗಳಿಗೆ ಈಗ ಊಟದ ದರವನ್ನೂ ತಟ್ಟೆಯ ದರವನ್ನೂ ಬೇರೆಬೇರೆಯಾಗಿ ಬರೆದು ಕೊಡುತ್ತೇನೆ. “ಏನ್ರೀ, ತಟ್ಟೆಗೂ ದುಡ್ಡು ಹಿಡೀತೀರಾ?” ಎಂದು ಕೇಳಿದವರಿಗೆ, ಬೇಡವೆಂದರೆ ಬಾಳೆ ಎಲೆಯನ್ನೋ ಸ್ಟೀಲ್ ತಟ್ಟೆಯನ್ನೋ ನೀವೇ ಏರ್ಪಾಡು ಮಾಡಿಕೊಳ್ಳಬಹುದೆಂದು ಹೇಳುತ್ತೇನೆ, ಮತ್ತು ಅಚ್ಚರಿಯೆಂಬಂತೆ ಸಾಕಷ್ಟು ಮಂದಿ ಹಾಗೆಯೇ ಮಾಡುತ್ತಾರೆ. ಆರ್ಡರು ಕೈತಪ್ಪುವುದು ಬೇರೆ ಕಡೆ. ಯಾವುದೋ ಗೋದಾಮಿನಿಂದ ಇನ್ನೂ ಥರ್ಮಾಕೋಲ್ ತರಿಸುವವನು ತಲೆಗೆ ಐದು ರೂಪಾಯಿ ಕಡಿಮೆ ದರ ಹೇಳಿದರೆ ನಾನು ಅವನೊಡನೆ ಪೈಪೋಟಿ ಮಾಡಲಾರೆ. ತಪಾಸಣೆ ಬಂದಾಗ ದಂಡ ಬೀಳುವುದು ಮುಂದೆ ಬಾಗಿಲು ತೆರೆದಿಟ್ಟ ಅಂಗಡಿ, ತಳ್ಳುಗಾಡಿಗಳ ಮೇಲೆಯೇ; ಮಾಲು ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. ನಿಯಮ ಎಲ್ಲರಿಗೂ ಒಂದೇ ಬಿಗಿಯಲ್ಲಿ ನಡೆದಿದ್ದರೆ ತಟ್ಟೆಯ ಖರ್ಚನ್ನು ನಾವೆಲ್ಲ ದರದಲ್ಲಿ ಸೇರಿಸಿ ಸುಧಾರಿಸಿಕೊಳ್ಳುತ್ತಿದ್ದೆವು.

ಸದ್ಯ ನಮ್ಮ ಬೀದಿಯ ಕೆಲವು ಹೋಟೆಲು, ಬೇಕರಿಯವರು ಸೇರಿ ಹಾಳೆ ತಟ್ಟೆಯನ್ನು ಒಟ್ಟಿಗೆ ಕೊಳ್ಳುತ್ತಿದ್ದೇವೆ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಘಟಕಕ್ಕೆ ಏಪ್ರಿಲಿನಲ್ಲೇ ಸ್ವಲ್ಪ ಮುಂಗಡ ಕೊಟ್ಟು ಮಳೆಗೆ ಮೊದಲು ಮಾಲು ಇಳಿಸಿಕೊಂಡರೆ ತಟ್ಟೆಗೆ ಮುಕ್ಕಾಲು ರೂಪಾಯಿಯಷ್ಟು ಉಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಹಾಳೆ ತಟ್ಟೆಗಳ ಸುರಕ್ಷತೆಯ ಬಗ್ಗೆ ಆಕ್ಷೇಪ ಎತ್ತಿದ ಮೇಲೆ ರಫ್ತನ್ನು ನಂಬಿದ್ದ ಘಟಕಗಳು ಚಿಂತೆಗೆ ಬಿದ್ದವು. ಗಿರಾಕಿಗಳಲ್ಲೂ ಒಬ್ಬಿಬ್ಬರು ಆ ಸುದ್ದಿಯನ್ನು ಹಿಡಿದುಕೊಂಡು ಬಂದು ಕೇಳಿದ್ದಾರೆ. ಅಂಥವರ ಆರ್ಡರಿಗೆ ಬಾಳೆ ಎಲೆಯನ್ನೇ ಬರೆದುಕೊಳ್ಳುತ್ತೇನೆ.