ಸರ್ಫ್ ರಾಕ್ ಗಿಟಾರಿನ ನಾದವನ್ನು ಪಡೆಯುವ ಬಗೆ

ಕಡಲಲೆಗಳ ಮೇಲೆ ಹಲಗೆಯೇರಿ ಜಾರುವ ಸರ್ಫಿಂಗ್ ಆಟದ ಸುತ್ತ ಬೆಳೆದ ಗಿಟಾರ್ ಪ್ರಧಾನ ಸಂಗೀತವಾದ ಸರ್ಫ್ ರಾಕ್ ನುಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ರಿವರ್ಬ್ ಗುಂಡಿಗೆ, ಅಂದರೆ ಧ್ವನಿಗೆ ಅನುರಣನ ಸೇರಿಸುವ ಸಾಧನಕ್ಕೆ. ಅಭ್ಯಾಸವನ್ನು ಅಲ್ಲಿಂದ ಆರಂಭಿಸದಿರುವುದೇ ಒಳಿತು. 1961ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಬೋವಾ ಕಡಲತೀರದಲ್ಲಿದ್ದ ರಾಂಡೆವೂ ಬಾಲ್‌ರೂಮಿನಲ್ಲಿ ಸರ್ಫಿಂಗ್ ಹುಚ್ಚಿನ ಯುವಜನರನ್ನು ಕುಣಿಸುತ್ತಿದ್ದ ಗಿಟಾರ್ ವಾದಕ ಡಿಕ್ ಡೇಲ್ ಅವರು ಅದೇ ವರ್ಷ ಹೊರತಂದ 'ಲೆಟ್ಸ್ ಗೋ ಟ್ರಿಪ್ಪಿನ್' ಎಂಬ ವಾದ್ಯಕೃತಿಯಲ್ಲಿ ರಿವರ್ಬ್ ಇರಲೇ ಇಲ್ಲ. ಅವರು ಆ ಸಾಧನವನ್ನು ಮೊದಲು ಬಯಸಿದ್ದೂ ತಮ್ಮ ಹಾಡುವ ದನಿಗಾಗಿ. ಈ ಶೈಲಿಯ ಮೂಲ ಬಲ ಇರುವುದು ತಂತಿ ಮೀಟುವ ಕೈಯಲ್ಲಿ.

ಆದ್ದರಿಂದ ಮೊದಲು ಟ್ರೆಮೊಲೊ ಪಿಕ್ಕಿಂಗ್ ಅನ್ನು, ಅಂದರೆ ಒಂದೇ ತಂತಿಯನ್ನು ಬಿಡುವಿಲ್ಲದೆ ವೇಗವಾಗಿ ಮೀಟುವುದನ್ನು, ಸಾಧಿಸಿಕೊಳ್ಳಬೇಕು. ಅತ್ಯಂತ ದಪ್ಪನೆಯ ತಂತಿಯ ಮೇಲೆ ಪಿಕ್ಕನ್ನು (ಮೀಟುವ ಬಿಲ್ಲೆಯನ್ನು) ಕೆಳಕ್ಕೂ ಮೇಲಕ್ಕೂ ಒಂದೇ ತೂಕದಲ್ಲಿ ಆಡಿಸುತ್ತ, ಮೊದಲು ನಿಧಾನವಾಗಿ, ಲಯ ಎಣಿಸುವ ಮೆಟ್ರೋನೋಮ್ ಇಟ್ಟುಕೊಂಡು ನುಡಿಸಿರಿ. ವೇಗ ಹೆಚ್ಚಿದಂತೆ ಮೊಣಕೈ ಬಿಗಿಯತೊಡಗಿದರೆ ವೇಗವನ್ನು ತಗ್ಗಿಸಿ, ಚಲನೆಯನ್ನು ಮಣಿಕಟ್ಟಿಗೆ ಮರಳಿಸಿರಿ. ತೆಳು ತಂತಿಗಳು ಜೋರಾದ ಪೆಟ್ಟಿಗೆ ಶ್ರುತಿ ಬಿಟ್ಟು ತೂರಾಡುವುದರಿಂದ ದಪ್ಪ ತಂತಿಗಳೇ ಸೂಕ್ತ. ಅಭ್ಯಾಸಕ್ಕೆ ಡೇಲ್ ಅವರು 1962ರಲ್ಲಿ ನುಡಿಸಿದ 'ಮಿಸಿರ್ಲೂ' ಒಳ್ಳೆಯದು. ಪೂರ್ವ ಮೆಡಿಟರೇನಿಯನ್ ಪ್ರದೇಶದ ಈ ಹಳೆಯ ಧಾಟಿಯ ಸ್ವರಶ್ರೇಣಿ ನಮ್ಮ ಮಾಯಾಮಾಳವಗೌಳದ್ದೇ ಆಗಿರುವುದರಿಂದ, ಸರಳೆ ವರಸೆ ಕಲಿತವರ ಕಿವಿಗೆ ಅದು ಬೇಗ ದಕ್ಕುತ್ತದೆ.

ಆಂಪ್ಲಿಫೈಯರಿನ ಧ್ವನಿ ಒಡೆಯದೆ ಸ್ವಚ್ಛವಾಗಿರಬೇಕು. ಡೇಲ್ ಅವರ ಅಬ್ಬರಕ್ಕೆ ಆಂಪ್ಲಿಫೈಯರುಗಳು ಸುಟ್ಟುಹೋಗುತ್ತಿದ್ದುದರಿಂದಲೇ ಗಿಟಾರ್ ಹಾಗೂ ಆಂಪ್ಲಿಫೈಯರ್ ತಯಾರಕ ಲಿಯೋ ಫೆಂಡರ್ ಅವರು 15 ಅಂಗುಲದ ಸ್ಪೀಕರಿನ, ಹೆಚ್ಚು ಶಕ್ತಿಯ ಶೋಮ್ಯಾನ್ ಮಾದರಿಯನ್ನು ರೂಪಿಸಬೇಕಾಯಿತು. ಗಿಟಾರಿನ ಸೇತುವೆಯ (ತಂತಿಗಳು ಒಡಲಿನ ಮೇಲೆ ಕೂರುವ ಬ್ರಿಡ್ಜ್‌ನ) ಬಳಿಯ ಪಿಕಪ್ಪನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವನ್ನು, ಆರಿಸಿ, ಟ್ರೆಬಲ್ (ತಾರಧ್ವನಿ) ಅನ್ನು ತುಸು ಏರಿಸಿರಿ.

ಇನ್ನು ರಿವರ್ಬ್. 1961ರಲ್ಲಿ ಫೆಂಡರ್ ಕಂಪನಿ ಹೊರತಂದ ಪ್ರತ್ಯೇಕ ರಿವರ್ಬ್ ಪೆಟ್ಟಿಗೆಯು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುತ್ತದೆ. ಗಿಟಾರಿನ ಸಂಕೇತ ಅದರೊಳಗಿನ ಲೋಹದ ಸ್ಪ್ರಿಂಗುಗಳನ್ನು ನಡುಗಿಸಿ, ಆ ನಡುಕವನ್ನೂ ಹೊತ್ತು ಹೊರಬರುತ್ತದೆ. ಅದರ ಮೂರು ಗುಂಡಿಗಳಲ್ಲಿ ಡ್ವೆಲ್ ಎಂಬುದು ಸ್ಪ್ರಿಂಗುಗಳಿಗೆ ಎಷ್ಟು ಬಲವಾಗಿ ಪೆಟ್ಟು ಬೀಳಬೇಕೆಂಬುದನ್ನೂ, ಮಿಕ್ಸರ್ ಎಂಬುದು ಆ ಅನುರಣನವನ್ನು ಮೂಲಧ್ವನಿಗೆ ಎಷ್ಟು ಬೆರೆಸಬೇಕೆಂಬುದನ್ನೂ ನಿಯಂತ್ರಿಸುತ್ತವೆ. ಟೋನ್ ಅದರ ಹೊಳಪನ್ನು ತಿದ್ದುತ್ತದೆ. ಅಂಗೈಯ ಅಂಚನ್ನು ಸೇತುವೆಯ ಮೇಲೆ ಹಗುರವಾಗಿ ಊರಿ, ತಂತಿಯನ್ನು ಚುರುಕಾಗಿ ಮೀಟಿದಾಗ ನೀರು ತೊಟ್ಟಿಕ್ಕಿದಂಥ 'ಪ್ಳಕ್' ಸದ್ದು ಕೇಳಬೇಕು. ಕೇಳದಿದ್ದರೆ ಮಿಕ್ಸರನ್ನಲ್ಲ, ಡ್ವೆಲ್ ಅನ್ನು ಏರಿಸಿರಿ. ಪೆಟ್ಟಿಗೆಯ ಬದಲು ಕಾಲಿನಿಂದ ಒತ್ತುವ ರಿವರ್ಬ್ ಪೆಡಲ್ ಬಳಸುವವರು ಸಭಾಂಗಣದ ಅನುರಣನವನ್ನು ಹೋಲುವ ಹಾಲ್ ಮಾದರಿಯನ್ನು ಬಿಟ್ಟು ಸ್ಪ್ರಿಂಗ್ ಮಾದರಿಯನ್ನೇ ಆರಿಸಿಕೊಳ್ಳಲಿ. ಚಾಂಟೇಸ್ ತಂಡದ 'ಪೈಪ್‌ಲೈನ್' ಕೇಳಿದರೆ ಅಳತೆ ತಿಳಿಯುತ್ತದೆ: ಅನುರಣನ ಎಷ್ಟೇ ದಟ್ಟವಾಗಿದ್ದರೂ ಅಲ್ಲಿ ಒಂದು ಸ್ವರವೂ ಮಸುಕಾಗುವುದಿಲ್ಲ.

ಡ್ರಮ್ ನುಡಿಸುವವರಿಗೆ ಹೇಳಬೇಕಾದದ್ದು ಕಡಿಮೆ: ನಾಲ್ಕರ ಎಣಿಕೆಯಲ್ಲಿ ಎರಡನೆಯದಕ್ಕೆ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಮೇಲೆ ಬೆನ್ನುಬೆನ್ನಿಗೆ ಎರಡು ಪೆಟ್ಟು, ನಾಲ್ಕನೆಯದಕ್ಕೆ ಒಂದೇ ಪೆಟ್ಟು. ಸ್ವರವನ್ನು ಏರಿಳಿಸಿ ಕಂಪಿಸುವ ಗಿಟಾರಿನ ವೈಬ್ರಾಟೊ ಹಿಡಿಯನ್ನು ಸಾಲು ಮುಗಿಯುವ ಕಾರ್ಡ್‌ಗಳಿಗಷ್ಟೇ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗಷ್ಟೇ) ಮೀಸಲಿಡಿರಿ. ಕಾರ್ಡ್ ಪೂರ್ತಿ ನುಡಿದ ಮೇಲೆ ಹಿಡಿಯನ್ನು ಮೆಲ್ಲನೆ ಒತ್ತಿ ಬಿಟ್ಟರೆ ಸಾಕು.