ಕಂಪನಿ ವಕೀಲರು ಜಡ್ಜ್ ಆಗಬೇಕಾದರೆ: ಕಾರವಾರ, ಶಿರಸಿ ಕಡೆಯವರಿಗೆ

ಬೆಂಗಳೂರಿನ ಕಂಪನಿಯಲ್ಲಿ ಎಂಟು ವರ್ಷ ಲೀಗಲ್ ಮ್ಯಾನೇಜರ್ ಆಗಿದ್ದವರು ಊರಿಗೆ ಬಂದು ಜಡ್ಜ್ ಪರೀಕ್ಷೆಗೆ ಕೂರುತ್ತೇನೆ ಎಂದರೆ, ಮೊದಲ ತೊಡಕು ಓದಿನದ್ದಲ್ಲ, ವರ್ಷಗಳದ್ದು. ಆ ಎಂಟು ವರ್ಷ ವಕೀಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ನಡೆಸುವಂತಿಲ್ಲ ಎನ್ನುತ್ತದೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49. ನೌಕರಿಗೆ ಸೇರುವಾಗಲೇ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ ಸನ್ನದನ್ನು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿ ಇಡಬೇಕು. ತಿಳಿಸದೆ ಸುಮ್ಮನಿದ್ದವರು ಈಗಲಾದರೂ ಬರೆದು ಸರಿಮಾಡಿಕೊಳ್ಳುವುದು ಒಳ್ಳೆಯದು. ಆಯ್ಕೆಯಾದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಪಿಎಫ್ ಖಾತೆ ಕಣ್ಣಿಗೆ ಬಿದ್ದರೆ ವಿವರಣೆ ಕೊಡುವುದು ಕಷ್ಟ.

ಲಾ ಫರ್ಮ್‌ನಲ್ಲಿ ರಿಟೇನರ್ ಮೇಲೆ, ಅಂದರೆ ಸಂಬಳವಿಲ್ಲದೆ ವೃತ್ತಿ ಶುಲ್ಕಕ್ಕೆ, ಇದ್ದವರ ಮಾತು ಬೇರೆ. ನಿಮ್ಮದು ಯಾವುದೆಂಬ ಅನುಮಾನವಿದ್ದರೆ ಹಳೆಯ ತೆರಿಗೆ ಕಾಗದ ನೋಡಿ: ಫಾರ್ಮ್ 16 ಬಂದಿದ್ದರೆ ಸಂಬಳ, 16ಎ ಬಂದಿದ್ದರೆ ವೃತ್ತಿ ಶುಲ್ಕ. ಇದೊಂದೇ ನಿರ್ಣಾಯಕವಲ್ಲ, ಆದರೆ ಒಳ್ಳೆಯ ಸುಳಿವು.

ದಾರಿ ಎರಡು. ಸಿವಿಲ್ ಜಡ್ಜ್ ಹುದ್ದೆಗೆ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 35, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ 38. ಇದಕ್ಕೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಕಡ್ಡಾಯ ಮಾಡಿತು. ಎರಡನೆಯದು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿ. ಸಂವಿಧಾನದ 233(2)ನೇ ವಿಧಿ ಕೇಳುವುದು ಏಳು ವರ್ಷದ ವಕೀಲಿಕೆ. ಅರ್ಜಿ ಹಾಕುವ ದಿನವೂ ನೀವು ವಕೀಲರಾಗಿಯೇ ಇರಬೇಕು. ಕನಿಷ್ಠ ವಯಸ್ಸು 35, ಗರಿಷ್ಠ 45, ಪರಿಶಿಷ್ಟ ಜಾತಿ, ಪಂಗಡದವರಿಗೆ 48. ಹಾಗಾಗಿ 36 ದಾಟಿ ನೌಕರಿ ಬಿಡುವ ಸಾಮಾನ್ಯ ವರ್ಗದವರಿಗೆ ಮೊದಲ ಬಾಗಿಲು ಮುಚ್ಚಿರುತ್ತದೆ, ಎರಡನೆಯದಕ್ಕೂ ಹೆಚ್ಚು ಸಮಯ ಕಳೆಯುವಂತಿಲ್ಲ. ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಅರ್ಜಿ ಪದ್ಧತಿಯೇ ಇಲ್ಲ, ಅದನ್ನು ಯೋಜನೆಯಲ್ಲಿ ಸೇರಿಸಬೇಡಿ.

ರಾಜೀನಾಮೆ ಅಂಗೀಕಾರವಾದ ಪತ್ರ ಕೈಗೆ ಬಂದ ಕೂಡಲೇ ಸನ್ನದನ್ನು ಮತ್ತೆ ಜಾರಿಗೆ ತರಲು ಅರ್ಜಿ ಕೊಡಿ. ಅಖಿಲ ಭಾರತ ಬಾರ್ ಪರೀಕ್ಷೆ ಬಾಕಿಯಿದ್ದರೆ ಅದನ್ನೂ ಮುಗಿಸಿ. ಆಮೇಲೆ ಒಂದೇ ಊರು ಹಿಡಿಯಿರಿ. ಜಿಲ್ಲಾ ನ್ಯಾಯಾಲಯ ಕಾರವಾರದಲ್ಲಿದೆ, ಶಿರಸಿಯಲ್ಲೂ ಹೆಚ್ಚುವರಿ ಜಿಲ್ಲಾ ನ್ಯಾಯಾಲಯ ಕೂರುತ್ತದೆ, ಮೇಲ್ಮನವಿಗೆ ಹೈಕೋರ್ಟಿನ ಧಾರವಾಡ ಪೀಠ. ವಾರಕ್ಕೆ ಮೂರು ಕಡೆ ಓಡಾಡಿದರೆ ಅನುಭವ ಹೆಚ್ಚಬಹುದು, ಪ್ರಮಾಣಪತ್ರದ ಹೊತ್ತಿಗೆ ಮಾತ್ರ ಪೇಚಾಟ. ಏಕೆಂದರೆ ಸಿವಿಲ್ ಜಡ್ಜ್ ಹುದ್ದೆಗೆ ಆ ನ್ಯಾಯಾಲಯದ ಪ್ರಧಾನ ನ್ಯಾಯಾಧೀಶರೇ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಹತ್ತು ವರ್ಷದ ಅನುಭವವಿರುವ ವಕೀಲರು ಕೊಟ್ಟದ್ದಕ್ಕೆ ಅವರ ದೃಢೀಕರಣ ಬೇಕು. ಅವರಿಗೆ ನಿಮ್ಮ ಮುಖ ಪರಿಚಯ ಇರಬೇಕು.

ಇಲ್ಲಿ ಜೂನಿಯರ್‌ಗಳು ಎಡವುವುದು ವಕಾಲತ್ತಿನಲ್ಲಿ, ಅಂದರೆ ಕಕ್ಷಿದಾರ ವಕೀಲರಿಗೆ ಕೊಡುವ ಅಧಿಕಾರ ಪತ್ರದಲ್ಲಿ. ಸೀನಿಯರ್ ಹೆಸರಷ್ಟೇ ಇರುವ ವಕಾಲತ್ತಿನಲ್ಲಿ ನೀವು ನೂರು ಸಲ ಹಾಜರಾದರೂ ದಾಖಲೆಯಲ್ಲಿ ನೀವಿಲ್ಲ. ಸಹಿ, ಹೆಸರು, ನೋಂದಣಿ ಸಂಖ್ಯೆ ಮೂರೂ ವಕಾಲತ್ತಿನಲ್ಲಿ ಬರಲಿ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ನೋಂದಣಿ ಸಂಖ್ಯೆ ಹಾಕಿ ಹುಡುಕಿದಾಗ ಪ್ರಕರಣ ಕಾಣದಿದ್ದರೆ ಆ ವಾರವೇ ಕಚೇರಿಯಲ್ಲಿ ಸೇರಿಸಲು ಕೇಳಿ. ಡೈರಿಯಲ್ಲಿ ದಿನಾಂಕದ ಎದುರು ಪ್ರಕರಣದ ಗುರುತಾದ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಮತ್ತು ಆ ದಿನ ನಡೆದದ್ದು ಒಂದು ಸಾಲು ಸಾಕು.

ಸಿವಿಲ್ ಜಡ್ಜ್ ಪೂರ್ವಭಾವಿ ಪರೀಕ್ಷೆ 100 ಅಂಕದ್ದು. ಮುಖ್ಯ ಪರೀಕ್ಷೆಯಲ್ಲಿ ಅನುವಾದವೂ ಮೂರು ಕಾನೂನು ಪತ್ರಿಕೆಗಳೂ ಇರುತ್ತವೆ, ಒಂದೊಂದಕ್ಕೆ 100. ಕಂಪನಿ ಕಡೆಯಿಂದ ಬಂದವರಿಗೆ ಕಲಂಗಳು ಬೇಗ ತಲೆಗೆ ಹತ್ತುತ್ತವೆ. ಕೈ ಕೊಡುವುದು ಅನುವಾದ ಮತ್ತು ತೀರ್ಪು ಬರೆಯುವುದು. ಪಾಟೀಸವಾಲಿನ ಈ ಸಾಲು ನೋಡಿ: "ನಾನು ಆ ದಿನ ಕರಾರಿಗೆ ಸಹಿ ಮಾಡಲಿಲ್ಲ ಎಂದರೆ ಸರಿಯಲ್ಲ." ಸಹಿ ಮಾಡಿದ್ದೇನೆ ಎಂದು ಸಾಕ್ಷಿ ಹೇಳುತ್ತಿದ್ದಾರೆ. ಅವಸರದಲ್ಲಿ ಒಂದು ನಿಷೇಧ ಬಿಟ್ಟು ಇಂಗ್ಲಿಷಿಗೆ ತಂದರೆ ಸಾಕ್ಷ್ಯವೇ ತಿರುಗಿಬಿಡುತ್ತದೆ. ದಿನಕ್ಕೊಂದು ಪುಟ ನಿಜವಾದ ಸಾಕ್ಷಿ ಹೇಳಿಕೆ ಎರಡೂ ಕಡೆಗೆ ಅನುವಾದಿಸಿ. ಪತ್ರಿಕೆಯ ಸಂಪಾದಕೀಯ ಅನುವಾದಿಸಿದರೆ ಈ ಭಾಷೆ ಬರುವುದಿಲ್ಲ.

ವಿವಾದಾಂಶ (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆ) ರಚನೆಗೆ ನಮ್ಮ ಕಡೆಯ ದಾವೆಗಳೇ ಒಳ್ಳೆಯ ಅಭ್ಯಾಸ. ಶಿರಸಿ ತಾಲೂಕಿನ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು ಜಾಗ). ತಮ್ಮ ಪಾಲು ಕೇಳುತ್ತಾನೆ, ಹಿಂದೆಯೇ ಬಾಯಿಮಾತಿನಲ್ಲಿ ಹಿಸ್ಸೆ (ಪಾಲುಪಟ್ಟಿ) ಆಗಿದೆ ಎಂದು ಅಣ್ಣನ ಕೈಫಿಯತ್ತು (ಲಿಖಿತ ಉತ್ತರ). ಆಸ್ತಿ ಒಟ್ಟು ಕುಟುಂಬದ್ದೆಂದು ವಾದಿ ಸಾಬೀತು ಮಾಡುತ್ತಾನೆಯೇ? ಹಿಂದಿನ ಹಿಸ್ಸೆಯನ್ನು ಪ್ರತಿವಾದಿ ಸಾಬೀತು ಮಾಡುತ್ತಾನೆಯೇ? ಎರಡೂ ಪ್ರಶ್ನೆಗಳಲ್ಲಿ ಹೊಣೆ ಯಾರದ್ದೆಂದು ವಾಕ್ಯವೇ ಹೇಳಬೇಕು. ಇನ್ನು ಬೆಟ್ಟ. ಅದು ತೋಟದವರ ಮಾಲ್ಕಿ ಅಲ್ಲ. ಭೂ ಕಂದಾಯ ಕಾಯ್ದೆ 1964ರ 79ನೇ ಕಲಮಿನಡಿ ಇರುವುದು ಸೌಲಭ್ಯ ಮಾತ್ರ. ತೋಟದಂತೆಯೇ ಬೆಟ್ಟಕ್ಕೂ ಒಡೆತನದ ಪಾಲು ಬರೆದುಬಿಟ್ಟರೆ ತೀರ್ಪು ಅಲ್ಲಿಗೇ ಕೆಟ್ಟಿತು.

ತೀರ್ಪಿನಲ್ಲಿ ಕಂಪನಿ ವಕೀಲರ ಹಳೆಯ ಚಾಳಿ ಎದ್ದು ಕಾಣುತ್ತದೆ. "ಈ ವಾದಕ್ಕೆ ಅವಕಾಶವಿದೆ, ಆದರೂ ಅಪಾಯವಿದೆ" ಎಂಬ ಅಭಿಪ್ರಾಯ ಪತ್ರದ ಧಾಟಿ ಇಲ್ಲಿ ನಡೆಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 5ರಂತೆ ಪ್ರತಿ ವಿವಾದಾಂಶಕ್ಕೂ ಕಾರಣ ಸಮೇತ ನಿರ್ಣಯ ಬೇಕು: ಹೌದು, ಇಲ್ಲ, ಅಥವಾ ಭಾಗಶಃ ಹೌದು. ಯಾವ ಸಾಕ್ಷಿಯ ಯಾವ ಮಾತು, ಯಾವ ನಿಶಾನೆ (ಗುರುತು ಹಾಕಿದ ದಾಖಲೆ) ನಂಬಿದಿರಿ, ಯಾಕೆ, ಅದೂ ಬರಲಿ. ಕ್ರಿಮಿನಲ್ ಕಡೆ, 2024ರ ಜುಲೈ 1ಕ್ಕಿಂತ ಮೊದಲಿನ ಕೃತ್ಯಕ್ಕೆ ಐಪಿಸಿ, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ಪ್ರಶ್ನೆಯಲ್ಲಿ ಕೃತ್ಯದ ದಿನಾಂಕಕ್ಕೆ ಗೆರೆ ಎಳೆದ ಮೇಲೆಯೇ ದೋಷಾರೋಪ ಬರೆಯಲು ಶುರುಮಾಡಿ.

ನೇಮಕವಾಗುವ ಮೊದಲೇ ನಿರ್ದೇಶಕ ಹುದ್ದೆ, ಸಲಹೆಗಾರಿಕೆ ಎಲ್ಲವನ್ನೂ ಬಿಡಿ. ಷೇರುಗಳನ್ನು ಆಸ್ತಿ ವಿವರಣೆಯಲ್ಲಿ ತೋರಿಸಿ. ಹಳೆಯ ಕಕ್ಷಿದಾರ ಕಂಪನಿಯ ಚೆಕ್ ಬೌನ್ಸ್ ಪ್ರಕರಣ ಮುಂದೆ ಬಂದರೆ ತಿಳಿಸಿ ಹಿಂದೆ ಸರಿಯಲು ಆ ಹೆಸರುಗಳ ಪಟ್ಟಿ ಈಗಲೇ ಬರೆದಿಟ್ಟುಕೊಳ್ಳಿ. ಪೀಠದಲ್ಲಿ ಕೂರುವ ಮೊದಲು ಕನಿಷ್ಠ ಒಂದು ವರ್ಷ ತರಬೇತಿ. ಸಿವಿಲ್ ಜಡ್ಜ್ ಆರಂಭಿಕ ಮೂಲ ವೇತನ 77,840 ರೂಪಾಯಿ, ಜಿಲ್ಲಾ ನ್ಯಾಯಾಧೀಶರದ್ದು 1,44,840. ಮನೆ ಸಾಲದ ಕಂತನ್ನು ಈ ಅಂಕಿಗೆ ಹೊಂದಿಸಿಕೊಂಡೇ ರಾಜೀನಾಮೆ ಬರೆಯಿರಿ. ಮೊದಲ ಪೋಸ್ಟಿಂಗ್ ಅಂಕೋಲಾ, ಕುಮಟಾದಲ್ಲೇ ಸಿಕ್ಕೀತು ಎಂದು ಮನೆಯವರಿಗೆ ಆಸೆ ಹುಟ್ಟಿಸಬೇಡಿ. ಬೀದರ್ ಆದರೂ ಹೋಗುವ ತಯಾರಿಯಲ್ಲಿರಿ.