ಕಪ್ಪು ಕಾರು, ಪೋರ್ಟಿಕೊ ಮತ್ತು ಒಂದು ತಲೆದೀಪ

ಕಪ್ಪು ಕಾರು ತಗೋಬೇಡ ಅಂತ ಎಲ್ಲರೂ ಹೇಳಿದ್ದರು. ಆದರೂ ತಗೊಂಡೆ. ಮೈಸೂರಿನ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಕಾರು ಒರೆಸುವ ಹುಡುಗನೊಬ್ಬ ಬರುತ್ತಿದ್ದ. ಹತ್ತು ಕಾರಿಗೆ ಒಂದೇ ಬಕೆಟ್, ಒಂದೇ ಬಟ್ಟೆ. ಹತ್ತನೇ ಕಾರು ನಮ್ಮದು. ಒಂಬತ್ತು ಕಾರಿನ ಮಣ್ಣು ಹೀರಿದ ಬಟ್ಟೆ ಕೊನೆಗೆ ನಮ್ಮ ಬಾನೆಟ್ ಮೇಲೆ ಓಡಾಡುತ್ತಿತ್ತು. ತಿಂಗಳು ತಿಂಗಳು ದುಡ್ಡು ಕೊಟ್ಟು ನಾನೇ ಗೀರು ಹಾಕಿಸಿಕೊಂಡೆ. ಅವನದೇನೂ ತಪ್ಪಿಲ್ಲ, ಬೇರೆ ಬಟ್ಟೆ ಕೊಡಬೇಕು ಅಂತ ನನಗೂ ಹೊಳೆದಿರಲಿಲ್ಲ.

ಒಮ್ಮೆ ಹೊರಗಡೆ ರಬ್ಬಿಂಗ್ ಪಾಲಿಶ್ ಮಾಡಿಸಿದೆ. ಕಾರು ವಾಪಸ್ ಕೊಟ್ಟಾಗ ಕನ್ನಡಿ ತರ ಇತ್ತು. ಮೂರು ಸಲ ತೊಳೆಯುವಷ್ಟರಲ್ಲಿ ಹಳೇ ಗೀರೆಲ್ಲ ಹಾಜರ್. ಜೊತೆಗೆ ಬಿಸಿಲಿಗೆ ನಿಲ್ಲಿಸಿದರೆ ಹೊಗೆಯ ಎಳೆಗಳ ಹಾಗೆ ಗೆರೆಗಳು ಬೇರೆ. ಇದಕ್ಕೆ ಹೊಲೊಗ್ರಾಮ್ ಅಂತಾರೆ. ಜೋರಾಗಿ ಸುತ್ತುವ ರೋಟರಿ ಮಷಿನ್ ಹಿಡಿದವರು ಕೊನೆಯ ನಯ ಮಾಡದೆ ಬಿಟ್ಟರೆ ಹೀಗಾಗುತ್ತದೆ. ಈ ಸಲ ನಾನೇ ಮಾಡಿಕೊಳ್ಳುತ್ತೇನೆ ಅಂತ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಷರ್ ಅನ್ನೋ ಪಾಲಿಶ್ ಮಷಿನ್ ತರಿಸಿದೆ. ಇದರ ಪ್ಯಾಡ್ ಸುತ್ತುತ್ತಲೇ ಅತ್ತಿತ್ತ ಅಲ್ಲಾಡುತ್ತದೆ, ಹಾಗಾಗಿ ಪೇಂಟ್ ಸುಡುವ ಭಯ ಕಮ್ಮಿ. ಹೊಸಬರಿಗೆ ಇದೇ ಸರಿ.

ಮೊದಲ ಭಾನುವಾರ ಪೋರ್ಟಿಕೊದ ಟ್ಯೂಬ್‌ಲೈಟ್ ಕೆಳಗೆ ಇಡೀ ಬಾನೆಟ್ ಮುಗಿಸಿದೆ. ಒಂದು ಗೀರೂ ಕಾಣಲಿಲ್ಲ. ರಾತ್ರಿ ಪೆಟ್ರೋಲ್ ಹಾಕಿಸಲು ಬಂಕಿಗೆ ಹೋದೆ. ಮೇಲಿನ ಎಲ್‌ಇಡಿ ದೀಪಗಳು ಬಾನೆಟ್ ಮೇಲೆ ಬಿದ್ದವು ನೋಡಿ, ಪ್ರತಿ ದೀಪದ ಸುತ್ತ ಒಂದೊಂದು ಜೇಡರ ಬಲೆ! ಬೆಳಿಗ್ಗೆ ಇದ್ದಿದ್ದರಲ್ಲಿ ಅರ್ಧ ಗೀರೂ ಹೋಗಿರಲಿಲ್ಲ.

ಇದು ಅರ್ಥ ಆಗಬೇಕಾದರೆ ಅಡುಗೆಮನೆಯ ಸ್ಟೀಲ್ ತಟ್ಟೆ ಸಾಕು. ಹಳೇ ತಟ್ಟೆ ತಗೊಂಡು ಮೊಬೈಲ್ ಟಾರ್ಚ್ ಬಿಡಿ. ಬೆಳಕಿನ ಚುಕ್ಕೆಯ ಸುತ್ತ ಗೆರೆಗಳು ವೃತ್ತವಾಗಿ ಕಾಣುತ್ತವೆ. ನಿಜಕ್ಕೂ ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡ ಬಿದ್ದಿರುವವು ಮಾತ್ರ ಮಿನುಗುತ್ತವೆ. ಟಾರ್ಚ್ ಸರಿಸಿದರೆ ವೃತ್ತವೂ ಜೊತೆಗೇ ಸರಿಯುತ್ತದೆ. ಅದೇ ತಟ್ಟೆಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ, ಏನೂ ಕಾಣದು. ಉದ್ದನೆಯ ದೀಪದಿಂದ ಬೆಳಕು ಹತ್ತಾರು ಕಡೆಯಿಂದ ಬಂದು ಗೀರನ್ನು ಮುಚ್ಚಿಬಿಡುತ್ತದೆ. ಸ್ವರ್ಲ್ ಮಾರ್ಕ್, ಅಂದರೆ ಹೀಗೆ ಸುತ್ತಿಕೊಂಡ ಹಾಗೆ ಕಾಣುವ ಸಣ್ಣ ಗೀರು, ನೋಡಬೇಕಾದರೆ ಒಂದೇ ಚುಕ್ಕೆಯಿಂದ ಬರುವ ಬೆಳಕು ಬೇಕು. ಸೂರ್ಯ, ಟಾರ್ಚ್, ಬಂಕಿನ ದೀಪ, ಎಲ್ಲಾ ಅದೇ ಜಾತಿ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಜಾಸ್ತಿ ಬೆಳಕು ಬಂದರೆ ಜಾಸ್ತಿ ಕಾಣುತ್ತೆ ಅಂತ 50 ವ್ಯಾಟಿನ ಫ್ಲಡ್‌ಲೈಟ್ ತಂದೆ. ಕಪ್ಪು ಪೇಂಟ್ ಮೇಲೆ ಅದು ಬೆಳ್ಳಗಿನ ಒಂದು ದೊಡ್ಡ ಮುದ್ದೆ ಆಯಿತು, ಕಣ್ಣು ಕುಕ್ಕಿತು, ಗೀರು ಮುಳುಗಿಹೋಯಿತು. ಈಗ ಅದು ಹಿತ್ತಿಲಲ್ಲಿದೆ, ಹಲಸಿನ ಮರದ ಕಡೆಗೆ ಮುಖ ಮಾಡಿಕೊಂಡು.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಆರ್‌ಐ ಎಷ್ಟಿದೆ ಅಂತ ಕೇಳಿದೆ. ಅವರು “ವಾರ್ಮಾ, ಕೂಲಾ ಸಾರ್?” ಅಂದರು. ಅದು ಬೇರೆ, ಇದು ಬೇರೆ. ವಾರ್ಮ್, ಕೂಲ್ ಅನ್ನೋದು ಬೆಳಕಿನ ಬಣ್ಣ, ಕೆಲ್ವಿನ್ ಲೆಕ್ಕ. 3000 ಅಂದರೆ ಹಳದಿ, 6500 ಅಂದರೆ ನೀಲಿ ಬೆರೆತ ಬಿಳಿ. ಸಿಆರ್‌ಐ ಅನ್ನೋದು ಆ ಬೆಳಕಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಂಕ, 100ಕ್ಕೆ. ಮನೆಯ ಸಾಮಾನ್ಯ ಎಲ್‌ಇಡಿ ಬಲ್ಬು 80ರ ಆಸುಪಾಸಿನದು. ಪೇಂಟ್ ನೋಡಲು 90ಕ್ಕಿಂತ ಮೇಲೆ ಇದ್ದರೆ ಒಳ್ಳೆಯದು. ಡೆನ್ಮಾರ್ಕಿನ ಸ್ಕ್ಯಾನ್‌ಗ್ರಿಪ್‌ನಂಥ ಕಂಪನಿಗಳು ಇದಕ್ಕೆ ಅಂತಲೇ ದೀಪ ಮಾಡುತ್ತವೆ, ಬೆಳಕಿನ ಬಣ್ಣ ಬದಲಿಸುವ ಸೌಕರ್ಯವೂ ಇರುತ್ತದೆ. ದಿನಾ ಇದೇ ಕೆಲಸ ಮಾಡುವವರು ತಗೊಳ್ಳಲಿ. ಒಂದೇ ಕಾರು ಇರುವ ನಾನು ಹೆಚ್ಚು ಸಿಆರ್‌ಐ ಇರುವ ತಲೆದೀಪ ತಗೊಂಡೆ, ರಾತ್ರಿ ಚಾರಣಕ್ಕೆ ಹೋಗುವವರು ಹಣೆಗೆ ಕಟ್ಟಿಕೊಳ್ಳುತ್ತಾರಲ್ಲ, ಅದೇ ತರದ್ದು. ಬಣ್ಣ 5000 ಕೆಲ್ವಿನ್, ಬೆಳಕು ಏರಿಸಿ ಇಳಿಸುವ ಬಟನ್ ಇದೆ. ಕೆಲಸ ಮಾಡುವಾಗ ಟ್ಯೂಬ್‌ಲೈಟ್ ಹಾಕಿಕೊಳ್ಳುತ್ತೇನೆ. ನೋಡುವಾಗ ಅದನ್ನು ಆರಿಸಿ ತಲೆದೀಪ ಕೈಯಲ್ಲಿ ಹಿಡಿದು, ಮೂರು ಅಡಿ ದೂರದಿಂದ ಓರೆಯಾಗಿ ಬಿಟ್ಟು ನಿಧಾನವಾಗಿ ಸರಿಸುತ್ತೇನೆ.

ಭಾವನ ಸಿಲ್ವರ್ ಕಾರಿನ ಮೇಲೆ ಇದೇ ದೀಪ ಸೋತಿತು. ಮೆಟಾಲಿಕ್ ಪುಡಿಯ ಮಿನುಗಿನಲ್ಲಿ ಗೀರು ಯಾವುದು, ಪುಡಿ ಯಾವುದು ಗೊತ್ತೇ ಆಗಲಿಲ್ಲ. ಹಳದಿ ಬೆಳಕಿನ ಟಾರ್ಚಿಗೆ ಒಂದಿಷ್ಟು ಕಂಡವು.

ಇನ್ನು ಪಾಲಿಶ್ ವಿಷಯ. ಬಾಟಲಿ ತೆಗೆಯುವ ಮೊದಲು ತೊಳೆದು ಕ್ಲೇ ಉಜ್ಜಬೇಕು, ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ ಅದು. ನಮ್ಮದು ಬೋರ್‌ವೆಲ್ ನೀರು. ಕಾರು ಕೈಗೆ ಸಣ್ಣ ರವೆ ಉಂಡೆ ಮುಟ್ಟಿದ ಹಾಗೆ ತರಿತರಿ ಅನ್ನುತ್ತಿತ್ತು, ಕ್ಲೇ ಆದಮೇಲೆ ಗಾಜು.

ಪೇಂಟಿನ ಮೇಲಿರುವ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಸುಮಾರು 35ರಿಂದ 50 ಮೈಕ್ರಾನ್ ದಪ್ಪ. ತಲೆಕೂದಲಿಗಿಂತ ತೆಳು. ಪಾಲಿಶ್ ಅಂದರೆ ಅದನ್ನೇ ಕೆಲವು ಮೈಕ್ರಾನ್ ಸವೆಸಿ ಗೀರಿನ ಅಂಚು ತೆಗೆಯುವುದು. ಒಮ್ಮೆ ಹೋದದ್ದು ಮತ್ತೆ ಬರಲ್ಲ, ಬಿಸಿಲಿನಿಂದ ಕಾಯುವುದೂ ಅದೇ ಪದರ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ನಾನು ಹಾಗೇ ಬಿಟ್ಟೆ.

ಬಾನೆಟ್ ಮಧ್ಯೆ ಒಂದೂವರೆ ಅಡಿ ಚೌಕಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ನನ್ನ ಹತ್ತಿರ ಎರಡು ಬಾಟಲಿ ಪಾಲಿಶ್ ಇದ್ದವು, ಮೆಗ್ವಾಯರ್ಸ್ 105 ಮತ್ತು 205. 105 ಒರಟು, 205 ನಯ. ಮೊದಲ ವಾರ 205ರಲ್ಲಿ ಗೀರು ಹೋಗಲಿಲ್ಲ ಅಂದುಕೊಂಡು 105 ಆರ್ಡರ್ ಮಾಡಿದ್ದೆ. ಈಗ ಚೌಕದಲ್ಲಿ ಮತ್ತೆ 205ರಿಂದಲೇ ಶುರು ಮಾಡಿದೆ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಚುಕ್ಕೆ, ಮಷಿನ್ ವೇಗ 4ರಲ್ಲಿ, ಉದ್ದುದ್ದ ಒಮ್ಮೆ, ಅಡ್ಡಡ್ಡ ಒಮ್ಮೆ, ಹೀಗೆ ನಾಲ್ಕು ಸಲ. ಕೈ ಓಡುವ ವೇಗ ಸೆಕೆಂಡಿಗೆ ಒಂದು ಇಂಚಿನಷ್ಟು. ಹೊರಗೆ ಬಂದ ಅಮ್ಮ, “ಏನೋ ಇದು, ಮಗು ಬೆನ್ನಿಗೆ ಎಣ್ಣೆ ತಿಕ್ಕಿದ ಹಾಗೆ ಮಾಡ್ತಾ ಇದ್ದೀಯ” ಅಂದರು. ಸರಿಯಾಗೇ ಹೇಳಿದರು. ಮೊದಲ ವಾರ ನಾನು ನೆಲ ಒರೆಸಿದ ಹಾಗೆ ಓಡಿಸಿದ್ದೆ. ಮಷಿನ್ ಒತ್ತಿ ಹಿಡಿದಿದ್ದರಿಂದ ಪ್ಯಾಡ್ ಸುತ್ತುವುದೇ ನಿಂತಿತ್ತು, ಸುಮ್ನೆ ನಡುಗುತ್ತಿತ್ತು ಅಷ್ಟೇ. ಈಗ ಪ್ಯಾಡ್ ಹಿಂದಿನ ತಟ್ಟೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತರೆ ಕೈ ಹಗುರ ಮಾಡಬೇಕು.

ಒರೆಸಿ ತಲೆದೀಪ ಬಿಟ್ಟೆ. ಮುಕ್ಕಾಲು ಭಾಗ ಕ್ಲೀನ್! ಖುಷಿಪಡುವ ಮೊದಲು ಇನ್ನೊಂದು ಕೆಲಸ ಇತ್ತು. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಸಿಂಪಡಿಸಿ ಒರೆಸಿದೆ. ಪಾಲಿಶಿನಲ್ಲಿ ಎಣ್ಣೆ ಅಂಶ ಇರುತ್ತದೆ, ಅದು ಗೀರೊಳಗೆ ಕೂತು ಮುಚ್ಚಿಡುತ್ತದೆ. ಎಣ್ಣೆ ಹೋದಮೇಲೆ ನೋಡಿದರೆ ಮುಕ್ಕಾಲಲ್ಲ, ಅರ್ಧ. ಹೊರಗಡೆ ಮಾಡಿಸಿದ ಕನ್ನಡಿ ಹೊಳಪಿನ ಗುಟ್ಟೂ ಬಹುಶಃ ಇದೇ ಇರಬೇಕು.

ಇಲ್ಲಿ 105 ಎತ್ತಿಕೊಳ್ಳುವ ಆಸೆ ಆಯಿತು. ತಡೆದುಕೊಂಡು ಪ್ಯಾಡ್ ಮಾತ್ರ ಬದಲಿಸಿದೆ. ಮೆತ್ತನೆಯ ಫೋಮ್ ತೆಗೆದು ಸ್ವಲ್ಪ ಗಟ್ಟಿ ಫೋಮ್ ಹಾಕಿದೆ, ಪಾಲಿಶ್ ಅದೇ 205. ಈ ಸಲ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೂ ಹತ್ತರಲ್ಲಿ ಎಂಟು ಗೀರು ಮಾಯ. ಪೇಂಟ್ ಮೆತ್ತಗಿತ್ತು, ಅದಕ್ಕೆ ಒರಟು ಬಾಟಲಿ ಬೇಕಾಗಿರಲಿಲ್ಲ. 105 ಬೇಕಾಗಿದ್ದು ಡಿಕ್ಕಿಯ ಮೇಲೆ ಮತ್ತು ಡ್ರೈವರ್ ಕಡೆಯ ಬಾಗಿಲಿಗೆ ಮಾತ್ರ. ಅದು ಹೊಡೆದ ಜಾಗದಲ್ಲಿ ಗೀರು ಹೋಗಿ ಮಂಜು ಕವಿದ ಹಾಗೆ ಮಬ್ಬು ಬಂತು. ಮೆತ್ತನೆ ಪ್ಯಾಡಲ್ಲಿ 205 ಹಾಕಿದಾಗ ಮಬ್ಬೂ ಹೋಯಿತು.

105ರ ಕಾಟ ಏನಪ್ಪಾ ಅಂದರೆ ಬೇಗ ಒಣಗುತ್ತದೆ, ಧೂಳು ಏಳುತ್ತದೆ. ಮಧ್ಯಾಹ್ನದ ಕಾವಿಗೆ ಬಾನೆಟ್ ಬಿಸಿಯಾದಾಗ ಹಾಕಿದರೆ ಒಂದೇ ನಿಮಿಷಕ್ಕೆ ಗಟ್ಟಿ. ಗೆಳೆಯನೊಬ್ಬ ಮೆನ್ಜೆರ್ನಾ 400 ಕೊಟ್ಟ. ಇದೂ ಒರಟು ಪಾಲಿಶೇ, ಆದರೆ ತುಂಬ ಹೊತ್ತು ಹಸಿಯಾಗಿರುತ್ತದೆ. ಇದರ ಕಣಗಳು ಉಜ್ಜಿದಂತೆ ಪುಡಿಯಾಗಿ ನಯ ಆಗುತ್ತಾ ಹೋಗುತ್ತವೆ. ಅರ್ಧಕ್ಕೆ ನಿಲ್ಲಿಸಿದರೆ ಒರಟು ಗುರುತು ಹಾಗೇ ಉಳಿಯುತ್ತದೆ, ಪೂರ್ತಿ ಓಡಿಸಬೇಕು. ನಮ್ಮ ಸೆಕೆಗೆ ನನಗೆ ಇದೇ ಹಿಡಿಸಿತು. ಇದರಲ್ಲೂ ಬಾಟಲಿ ಮೇಲಿನ ಅಂಕಿ ಏರಿದಂತೆ ನಯ, 2500 ಮಧ್ಯಮ, 3800 ಕೊನೆಯ ಹೊಳಪಿಗೆ.

ಪ್ಯಾಡ್ ಎರಡೇ ತರಿಸಿ ಮೋಸ ಹೋದೆ, ಆರಾದರೂ ಬೇಕು. ಪ್ರತಿ ಚೌಕ ಆದಮೇಲೂ ಬ್ರಶ್ಶಿನಲ್ಲಿ ಉಜ್ಜಿ ಕೊಡವಬೇಕು. ಕಿಟಕಿ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿಗೆ ಟೇಪ್ ಹಾಕದೆ ಬಿಟ್ಟಿದ್ದೆ, ಅಲ್ಲಿ ಪಾಲಿಶ್ ಒಣಗಿ ಬಿಳಿ ಕಲೆ ಆಯಿತು. ಹಳೇ ಟೂತ್‌ಬ್ರಶ್ ಹಿಡಿದು ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಬೆಳಿಗ್ಗೆ ಕೆಲಸ ಮಾಡುವುದಾದರೆ ಪಕ್ಕದ ಮನೆಯವರು ಅಂಗಳ ಗುಡಿಸಿ ನೀರು ಹಾಕುವವರೆಗೆ ಕಾಯುತ್ತಿದ್ದೆ. ಆ ಧೂಳು ಪ್ಯಾಡಿಗೆ ಹತ್ತಿದರೆ ಹೊಸ ಗೀರು ಗ್ಯಾರಂಟಿ.

ನಾಲ್ಕು ಭಾನುವಾರ ಹಿಡಿಯಿತು. ಮುಗಿದ ರಾತ್ರಿ ಬೇಕಂತಲೇ ಅದೇ ಬಂಕಿಗೆ ಹೋದೆ, ಟ್ಯಾಂಕ್ ಮುಕ್ಕಾಲು ತುಂಬಿದ್ದರೂ. ಬಾನೆಟ್ ಮೇಲೆ ದೀಪಗಳು ಚುಕ್ಕೆ ಚುಕ್ಕೆಯಾಗಿ ಬಿದ್ದವು, ಸುತ್ತ ಬರೀ ಕಪ್ಪು. ಹಿಂದಿನ ಎಡಬಾಗಿಲಿನ ಹಿಡಿಕೆಯ ಹತ್ತಿರ ಅಂಗೈ ಅಗಲ ಜಾಗ ಮರೆತಿದ್ದೆ, ಅಲ್ಲಿ ಬಲೆ ಹಾಗೇ ಇತ್ತು.

ಅದನ್ನು ಮುಂದಿನ ವಾರ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಅಪ್ಪ ಒಣಬಟ್ಟೆಯಲ್ಲಿ ಬಾನೆಟ್ ಝಾಡಿಸುತ್ತಿದ್ದರು. ಅಮ್ಮ ಬಟ್ಟಲಲ್ಲಿ ಗಂಧ, ಅರಿಶಿನ, ಕುಂಕುಮ ಕಲಸಿಕೊಂಡು ನಿಂತಿದ್ದರು. “ಅಮ್ಮಾ, ಬಾನೆಟ್ ಬೇಡ, ನಂಬರ್ ಪ್ಲೇಟಿಗೆ ಹಚ್ಚು” ಅಂದೆ. “ದೇವರಿಗೆ ನಂಬರ್ ಪ್ಲೇಟಾ?” ಅಂದರು. ಕೊನೆಗೆ ಮುಂದಿನ ಗಾಜಿಗೆ ರಾಜಿ ಆದೆವು.